ಬ್ಯಾಂಡೇಜಿನ ಮೇಲೆ ಎಳೆದ ನೇರಳೆ ಗೆರೆ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸಲೀಸು. ಬಾಳೂರಿನ ಆಚೆ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಕೂಲಿಯವರು ಎದುರಿಗೆ ಗಿರಿಜಾ ಸಿಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಐಡಿ ಸಿಸ್ಟರ್. ಆ ಎರಡನೆಯ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನನಗೆ ಬೇಜಾರಾಗಲಿಲ್ಲ, ಒಳಗೊಳಗೇ ಖುಷಿಯಾಗಿತ್ತು. ಮೂಡಿಗೆರೆಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಬೆಳಿಗ್ಗೆ ವಿಭೂತಿ ಇಟ್ಟುಕೊಂಡು ಬಂದು ಕೂತರೆ, ಬೆಲ್ಲದ ಅಚ್ಚನ್ನು ತಿರುಗಿಸಿ ಅಡಿ ನೋಡದೆ ಅಂಗಡಿಯೊಳಗೆ ಇಡಿಸುತ್ತಿರಲಿಲ್ಲ. ಆ ಗುಣ ನನಗೆ ಹಾಗೇ ಬಂದಿದೆ.

ನನ್ನ ತಮ್ಮನ ಮಗಳು ಈಗ ಚಿಕ್ಕಮಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. "ಅತ್ತೆ, ಪುಸ್ತಕದಲ್ಲಿ ಇಲ್ದೇ ಇರೋದನ್ನ ಬರ್ದು ಕೊಡಿ, ನಮ್ ಕ್ಲಾಸಿನವ್ರಿಗೆ ಓದಿ ಹೇಳ್ತೀನಿ" ಎಂದಳು. ಒಳ್ಳೆಯ ಹೆಸರು ಬಂದ ಸಂಗತಿಗಳನ್ನು ಬರೆಯಬಹುದಿತ್ತು. ಅಂಥವು ಎಲ್ಲರ ಹತ್ತಿರವೂ ಇರುತ್ತವೆ. ನಾನು ಕೆಡಿಸಿದ್ದನ್ನು ಬರೆಯುತ್ತೇನೆ.

ಎಸ್ಟೇಟ್ ಡಿಸ್ಪೆನ್ಸರಿಯ ನರ್ಸಿಗೆ ಆಸ್ಪತ್ರೆಯ ನರ್ಸಿಗಿಲ್ಲದ ಒಂದು ಅಧಿಕಾರ ಇರುತ್ತದೆ, ಅದು ಸಿಕ್ ಚೀಟಿ. ಬೆಳಿಗ್ಗೆ ಹಾಜರಿ ಕೂಗುವ ಮೊದಲು ಮೈ ಸರಿಯಿಲ್ಲದವರು ಡಿಸ್ಪೆನ್ಸರಿ ಜಗಲಿಗೆ ಬಂದು ನಿಲ್ಲಬೇಕು. ನಾನು ಚೀಟಿ ಬರೆದರೆ ರಜೆ, ಇಲ್ಲದಿದ್ದರೆ ಕೆಲಸಕ್ಕೆ. ಮಧ್ಯದಲ್ಲಿ ಲೈಟ್ ವರ್ಕ್ ಎಂದು ಒಂದಿತ್ತು. ಕೂತು ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಕಣ ಗುಡಿಸುವುದು, ಅಂಥದ್ದು. ಜ್ವರ ಬಂದವಳನ್ನು ಮಲಗಿಸುವುದಕ್ಕಿಂತ, ಜ್ವರ ಇಲ್ಲದವಳನ್ನು ಹಿಡಿಯುವುದೇ ನನ್ನ ಮುಖ್ಯ ಕೆಲಸ ಎಂದು ಆಫೀಸಿನವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ಹಿಡಿದೆ ಕೂಡ. ಒಬ್ಬ ಕೈಯ ಮೇಲೆ ಗುಳ್ಳೆ ಎದ್ದಿದೆ ಎಂದು ಬಂದ. ಗುಳ್ಳೆಗಳು ಸಾಲಾಗಿ, ಒಂದೇ ಅಳತೆಗೆ ಇದ್ದವು. ಬೆರಳು ಮೂಸಿದೆ. ಹಸಿ ಗೇರುಬೀಜದ ಸಿಪ್ಪೆ ಉಜ್ಜಿಕೊಂಡಿದ್ದ. ಇನ್ನೊಬ್ಬಳು ನಾನು ಆಚೆ ತಿರುಗಿದ ತಕ್ಷಣ ಥರ್ಮಾಮೀಟರನ್ನು ಚಾ ಲೋಟಕ್ಕೆ ತಾಗಿಸಿದಳು. ಪಾದರಸ ತುದಿ ಮುಟ್ಟಿತ್ತು. "ಇಷ್ಟು ಜ್ವರ ಬಂದ್ರೆ ನೀನು ಇಲ್ಲಿ ನಿಂತಿರ್ತಿರ್ಲಿಲ್ಲ ಮಾರಾಯ್ತಿ, ಜೀಪಲ್ಲಿ ಮಲ್ಗಿರ್ತಿದ್ದೆ" ಎಂದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕು ಕೆಲಸಕ್ಕೆ ಹೋದಳು.

ಒಂದು ಸಲ ಮಾತ್ರ ನಗು ಬರಲಿಲ್ಲ. ಮದುವೆ ಊಟ ಮಾಡಿ ಬಂದ ಮರುದಿನ ಹೊಟ್ಟೆನೋವು ಎಂದವಳನ್ನು, ಉಂಡದ್ದು ಜಾಸ್ತಿಯಾಗಿದೆ ಎಂದು ಬೈದು ಕಳಿಸಿದೆ. ಸಂಜೆ ಅವಳನ್ನು ಕಂಬಳಿಯಲ್ಲಿ ಹೊತ್ತು ತಂದರು. ಅಪೆಂಡಿಕ್ಸ್ ಒಡೆದಿತ್ತು. ಬದುಕಿಕೊಂಡಳು, ನನ್ನ ಪುಣ್ಯ. ಇದರಿಂದ ನಾನು ಕಲಿಯಬೇಕಾದದ್ದನ್ನು ಕಲಿಯಲಿಲ್ಲ. ಇನ್ನಷ್ಟು ಹುಷಾರಾಗಿ ಅನುಮಾನಿಸಬೇಕು ಎಂದು ಮಾತ್ರ ಅಂದುಕೊಂಡೆ.

ಅನುಮಾನಿಸುವ ವಿದ್ಯೆಯಲ್ಲಿ ನನಗೊಬ್ಬ ಗುರುವೂ ಇದ್ದರು. ಕುದುರೆಮುಖದ ಟೌನ್‌ಶಿಪ್ ಖಾಲಿಯಾದ ಮೇಲೆ ಅಲ್ಲಿಂದ ನಮ್ಮಲ್ಲಿಗೆ ಬಂದ ಹಿರಿಯ ಡ್ರೆಸ್ಸರ್. ಗಾಯ ಕಟ್ಟುವುದರಲ್ಲಿ ಅವರಷ್ಟು ಅಚ್ಚುಕಟ್ಟಾದವರನ್ನು ನಾನು ಕಂಡಿಲ್ಲ. ಕಟ್ಟು ಮುಗಿದ ಮೇಲೆ ಹತ್ತಿಯ ಕಡ್ಡಿಯನ್ನು ನೇರಳೆ ಔಷಧಿಯಲ್ಲಿ ಅದ್ದಿ, ಬ್ಯಾಂಡೇಜಿನ ತುದಿ ಸೇರುವಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದರೆ ಆ ಗೆರೆಯ ಎರಡು ತುದಿ ಕೂಡುವುದಿಲ್ಲ. "ಗಾಯ ಸುಳ್ಳು ಹೇಳ್ಬೋದು, ಗೆರೆ ಹೇಳಲ್ಲ ಗಿರಿಜಾ" ಎನ್ನುತ್ತಿದ್ದರು. ಅವರು ಹೋದ ಮೇಲೂ ಗೆರೆ ಎಳೆಯುವುದನ್ನು ನಾನು ಬಿಡಲಿಲ್ಲ. ಕುಕ್ಕರಿನಲ್ಲಿ ಬೇಯಿಸುತ್ತಿದ್ದ ಬಟ್ಟೆ ಹೋಗಿ ಪ್ಯಾಕೆಟ್ಟಿನ ಗಾಜ್ ಪಟ್ಟಿ ಬಂತು, ಪಾದರಸದ ಥರ್ಮಾಮೀಟರ್ ಹೋಗಿ ಬ್ಯಾಟರಿಯದು ಬಂತು, ನೇರಳೆ ಗೆರೆ ಹಾಗೇ ಉಳಿಯಿತು.

ಈಗ ಸುಂದರನ ಕಾಲಿನ ವಿಷಯಕ್ಕೆ ಬರುತ್ತೇನೆ.

ಸುಂದರ, ಅಣ್ಣಪ್ಪ ಇಬ್ಬರೂ ನಮ್ಮ ಎಸ್ಟೇಟಿನ ಮೆಣಸು ಕೊಯ್ಯುವವರು. ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಇಬ್ಬರ ಮನೆಯ ನಡುವೆ ಒಂದೇ ಗೋಡೆ. ಹನ್ನೆರಡು ವರ್ಷ ಒಂದೇ ಏಣಿ ಹಿಡಿದವರು. ಎತ್ತರದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಗೆ ಅಲ್ಯೂಮಿನಿಯಂ ಏಣಿ ಹಾಕಿ ಒಬ್ಬ ಹತ್ತುತ್ತಾನೆ, ಇನ್ನೊಬ್ಬ ಬುಡ ಹಿಡಿಯುತ್ತಾನೆ. ಒಂದು ಮರ ಮುಗಿದರೆ ಏಣಿಯನ್ನು ನೆಲಕ್ಕೆ ಮಲಗಿಸಿ, ಇನ್ನೊಂದು ಮರದ ಹತ್ತಿರ ಒಯ್ದು, ಮತ್ತೆ ಎತ್ತಿ ನಿಲ್ಲಿಸಬೇಕು. ಹಾಗೆಂದು ಆಫೀಸಿನ ಗೋಡೆಯ ಮೇಲೆ ಬರೆದೂ ಇತ್ತು. ಯಾರೂ ಹಾಗೆ ಮಾಡುತ್ತಿರಲಿಲ್ಲ. ಇಬ್ಬರು ಎರಡು ಕಡೆ ಹಿಡಿದು, ನಿಂತ ಏಣಿಯನ್ನು ನಿಂತ ಹಾಗೇ ಮರದಿಂದ ಮರಕ್ಕೆ ದಾಟಿಸುತ್ತಿದ್ದರು. ಏಣಿ ನಡೆಸುವುದು ಎಂದು ಅದಕ್ಕೆ ಹೆಸರು. ಬೇಗ ಆಗುತ್ತದೆ. ರೈಟರು, ಅಂದರೆ ಕೆಲಸ ನೋಡಿಕೊಳ್ಳುವ ಗುಮಾಸ್ತರು, ಕಂಡೂ ಕಾಣದಂತೆ ಇರುತ್ತಿದ್ದರು. ಅವಸರವಿದ್ದರೆ ನಡೆಸಿ ಎಂದು ಅವರೇ ಹೇಳುತ್ತಿದ್ದರು.

ಆ ವರ್ಷ ಮೆಣಸಿನ ಕೊಯ್ಲಿನಲ್ಲಿ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಜೀಪು ಡಿಸ್ಪೆನ್ಸರಿಯ ಮುಂದೆ ಬಂದು ನಿಂತಿತು. ಅಣ್ಣಪ್ಪನನ್ನು ಇಳಿಸಿ ಜಗಲಿಯ ಮೇಲೆ ಮಲಗಿಸಿದರು. ಏಣಿ ಕರೆಂಟಿನ ಮೇನ್ ಲೈನಿಗೆ ತಾಗಿತ್ತು. ನಾಡಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ಜೀಪಿನಿಂದ ಸುಂದರನೂ ಇಳಿದ. ಎಡಗಾಲಿನ ಮೊಣಕಾಲ ಕೆಳಗೆ ನಾಲ್ಕು ಬೆರಳಗಲ ಚರ್ಮ ಕಿತ್ತು ರಕ್ತ ಹರಿಯುತ್ತಿತ್ತು. ಮ್ಯಾನೇಜರು ಮತ್ತು ರೈಟರು ಹಿಂದೆಯೇ ಬಂದರು.

ಮ್ಯಾನೇಜರು ಸುಂದರನನ್ನು ಬೆಂಚಿನ ಮೇಲೆ ಕೂರಿಸಿ, ಆದದ್ದನ್ನು ತಾವೇ ಹೇಳಿ ರೈಟರ ಕೈಯಲ್ಲಿ ಬರೆಸಿದರು. ಸುಂದರ ನೀರು ಕುಡಿಯಲು ಹೋಗಿದ್ದ. ಅಣ್ಣಪ್ಪ ಒಬ್ಬನೇ ಏಣಿ ಎಳೆದುಕೊಂಡು ಹೋಗಿದ್ದಾನೆ. ಕೂಗು ಕೇಳಿ ಓಡಿ ಬರುವಾಗ ಸುಂದರ ಬಿದ್ದು ಕಾಲಿಗೆ ಪೆಟ್ಟಾಗಿದೆ. "ಹೀಗೇ ಅಲ್ವಾ?" ಎಂದು ಕೇಳಿದರು. ಸುಂದರನ ಹಲ್ಲು ಕಟಕಟ ಎನ್ನುತ್ತಿತ್ತು. "ಹ್ಞೂ" ಎಂದು ಸಹಿ ಹಾಕಿದ. ಸಾಕ್ಷಿ ಎಂದು ನಾನು ಹಾಕಿದೆ. ಆಮೇಲೆ ಮ್ಯಾನೇಜರು ನನ್ನ ರಿಜಿಸ್ಟರ್ ಕಡೆ ನೋಡಿ, "ಕುಡಿದಿದ್ದ ಅನ್ಸುತ್ತೆ, ವಾಸನೆ ಇದೆ ಅಲ್ವಾ ಸಿಸ್ಟರ್?" ಎಂದರು. ನಾನು ಬಗ್ಗಿ ಮೂಸಲಿಲ್ಲ. ಜಗಲಿಯ ತುಂಬ ಸುಟ್ಟ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಗೊತ್ತಾಗುವ ಹಾಗಿರಲಿಲ್ಲ. ಕೂಲಿಯವನು, ಕುಡಿದಿರುತ್ತಾನೆ ಎಂದು ನನಗೂ ಅನಿಸಿತು. ರಿಜಿಸ್ಟರಿನಲ್ಲಿ 'ಮದ್ಯದ ವಾಸನೆ ಇತ್ತು' ಎಂದು ಬರೆದೆ.

ಪೊಲೀಸರು ಬಂದರು, ಪೋಸ್ಟ್‌ಮಾರ್ಟಮ್ ಆಯಿತು, ಕರೆಂಟ್ ಹೊಡೆದು ಸಾವು ಎಂದು ಬಂತು. ಆದರೆ ಲೈನಿನಲ್ಲಿ ಉಳಿದದ್ದು ಕುಡಿದು ಸತ್ತ ಎನ್ನುವ ಮಾತು. ಸಿಸ್ಟರೇ ಬರೆದಿದ್ದಾರಂತೆ ಎಂದಮೇಲೆ ಅದಕ್ಕೆ ಎದುರಾಡುವವರು ಯಾರು. ಅಣ್ಣಪ್ಪನ ಹೆಂಡತಿ ಗುಲಾಬಿ ಹದಿಮೂರನೆಯ ದಿನ ಕಳೆದದ್ದೇ ಕೆಲಸಕ್ಕೆ ಬಂದಳು. ಅವಳು ಒಂದು ಹನಿ ಕಣ್ಣೀರು ಹಾಕಿದ್ದನ್ನು ಯಾರೂ ನೋಡಲಿಲ್ಲ. ಗಟ್ಟಿ ಹೆಂಗಸು ಎಂದು ನಾನು ಅದನ್ನೂ ಅನುಮಾನದಿಂದಲೇ ನೋಡಿದೆ.

ಸುಂದರನ ಗಾಯ ಮೊದಲ ಎರಡು ವಾರ ಚೆನ್ನಾಗಿಯೇ ಮಾಯುತ್ತಿತ್ತು. ಅಡಿಯಲ್ಲಿ ಕೆಂಪು ಮಾಂಸ ಬೆಳೆಯತೊಡಗಿತ್ತು. ಆಮೇಲೆ ನಿಂತುಬಿಟ್ಟಿತು. ಅಂಚು ಬಿಳಿಚಿತು, ಮಧ್ಯೆ ಹಳದಿ ಕಟ್ಟಿತು. ಆಂಟಿಬಯೋಟಿಕ್ ಬದಲಾಯಿಸಿದರೆ ನಾಲ್ಕು ದಿನ ಕೆಂಪಾಗಿ ಮತ್ತೆ ಹಳದಿ. ಶುಗರ್ ನೋಡಿಸಿದೆವು, ಇಲ್ಲ. ರಕ್ತನಾಳ ನೋಡಿಸಲು ಚಿಕ್ಕಮಗಳೂರಿಗೆ ಕಳಿಸಿದೆವು, ಸರಿಯಿದೆ ಎಂದರು. ಗಾಯದ ಚೂರು ತೆಗೆದು ಪರೀಕ್ಷೆಗೂ ಕಳಿಸಿದ್ದಾಯಿತು, ಏನೂ ಸಿಗಲಿಲ್ಲ. ತಿಂಗಳು ಐದಾದವು. ದೇವರಮನೆ ಗುಡ್ಡದ ಕಡೆಯಿಂದ ಮೋಡ ಇಳಿದು ಮಳೆಗಾಲ ಹಿಡಿಯಿತು, ಒದ್ದೆಗೆ ಗಾಯ ಇನ್ನೂ ಹದಗೆಟ್ಟಿತು.

ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಬರುತ್ತಿದ್ದ. ಅವನ ಹೆಂಡತಿ ಲೀಲಾ ಇನ್ನೊಂದು ಡಿವಿಜನ್ನಿಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅವನನ್ನು ತೋಳು ಹಿಡಿದು ಕರೆದುಕೊಂಡು ಬರುತ್ತಿದ್ದವಳು ಗುಲಾಬಿ. ಗಂಡನ ಜೊತೆಗಾರ ಎಂದು ಅವಳಿಗೆ ಅಕ್ಕರೆ. "ಹುಷಾರು ಸುಂದ್ರಣ್ಣ, ಕಲ್ಲುಂಟು" ಎನ್ನುತ್ತ ಬರುವಳು. ಅವನು ಅವಳ ಮುಖ ನೋಡುತ್ತಿರಲಿಲ್ಲ. ನನಗೆ ಇದೂ ಸರಿ ಕಾಣಲಿಲ್ಲ. ಇವರಿಬ್ಬರ ನಡುವೆ ಏನಾದರೂ ಇದೆಯೋ ಎಂದು ಅನುಮಾನಪಟ್ಟೆ. ಈಗ ಬರೆಯಲು ನಾಚಿಕೆಯಾಗುತ್ತದೆ.

ಅನುಮಾನಕ್ಕೆ ಇನ್ನೂ ಕಾರಣಗಳಿದ್ದವು. ಅವನು ಜಗಲಿ ಕಡೆಯಿಂದ ಬರುತ್ತಿರಲಿಲ್ಲ, ಸುತ್ತುಹಾಕಿ ಹಿಂಬಾಗಿಲಿನಿಂದ ಬರುತ್ತಿದ್ದ. ಹಿಂದೆ ಸ್ಟೋರ್ ಇತ್ತು, ಏನು ಎತ್ತಿಕೊಂಡು ಹೋಗುತ್ತಾನೋ ಎಂದು ಬೀಗ ಹಾಕಿದೆ. ಒಂದು ದಿನ ಸ್ಟೀಲ್ ತಟ್ಟೆ ನನ್ನ ಕೈ ಜಾರಿ ಸಿಮೆಂಟಿನ ಮೇಲೆ ಬಿತ್ತು. ಅವನು ಬೆಂಚಿನಿಂದ ಹಾರಿ ಗೋಡೆಗೆ ಒರಗಿ ನಿಂತ, ಮುಖದಲ್ಲಿ ರಕ್ತವಿಲ್ಲ. "ಎಂಥ ನಾಟಕ ಮಾರಾಯ ನಿಂದು" ಎಂದೆ. ಅವನು ಮತ್ತೆ ಬಂದು ಬೆಂಚಿನ ಮೇಲೆ ಕೂತು ಕಾಲು ಚಾಚಿದ.

ಆವತ್ತೇ ಅವನ ಕಟ್ಟಿನ ಮೇಲೆ ನೇರಳೆ ಗೆರೆ ಎಳೆದೆ. ಒಂದು ದಿನ ಬಿಟ್ಟು ಬಂದಾಗ ಗೆರೆಯ ತುದಿಗಳು ಕೂಡಲಿಲ್ಲ. ಮತ್ತೆ ಎಳೆದೆ, ಮತ್ತೆ ಕೂಡಲಿಲ್ಲ. ಮೂರನೆಯ ಸಲವೂ ಹಾಗೇ ಆಯಿತು. ಗಾಯ ಮಾಯದಿರುವುದಕ್ಕೆ ಕಾರಣ ಸಿಕ್ಕಿತು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಅವನನ್ನು ಒಂದು ಮಾತು ಕೇಳದೆ ಅವತ್ತೇ ಮ್ಯಾನೇಜರಿಗೆ ಬರೆದುಕೊಟ್ಟೆ. 'ಈತನು ಬೇಕೆಂದೇ ಕಟ್ಟು ಬಿಚ್ಚಿ ಗಾಯವನ್ನು ಕೆಡಿಸಿಕೊಳ್ಳುತ್ತಿದ್ದಾನೆ.' ಮ್ಯಾನೇಜರು ಓದಿ, ಸೋಮವಾರದೊಳಗೆ ಲೈನಿನ ಮನೆ ಖಾಲಿ ಮಾಡಬೇಕೆಂದು ಸುಂದರನಿಗೆ ಹೇಳಿಕಳಿಸಿದರು. ಇಂಥವಕ್ಕೆ ಯಾವಾಗಲೂ ತಿಂಗಳುಗಟ್ಟಲೆ ಎಳೆಯುವ ಮನುಷ್ಯ ಈ ಸಲ ಒಂದೇ ದಿನದಲ್ಲಿ ಮುಗಿಸಿದರು. ಅದು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ಗುರುವಾರ ಡಾಕ್ಟರ್ ಬಂದರು. ನಸೀಮಾ ಡಾಕ್ಟರ್ ಎಂದು, ಮೂಡಿಗೆರೆಯವರೇ. ಅವರ ತಂದೆಯದು ಜೀಪಿನ ಗ್ಯಾರೇಜು. ವಾರಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ಮಗಳ ವಯಸ್ಸು, ಮಾತು ಮೆತ್ತಗೆ, ಅದಕ್ಕೇ ನನಗೆ ಅವರ ಮೇಲೂ ಅಷ್ಟು ನಂಬಿಕೆ ಇರಲಿಲ್ಲ. ನನ್ನ ವರದಿಯ ನಕಲನ್ನು ಹೆಮ್ಮೆಯಿಂದ ಅವರ ಮುಂದಿಟ್ಟೆ.

"ಕಟ್ಟು ಬಿಚ್ತಾನೆ ಅಂತ ಗೊತ್ತಾಯ್ತು. ಯಾಕೆ ಬಿಚ್ತಾನೆ ಅಂತ ಕೇಳಿದ್ರಾ ಸಿಸ್ಟರ್?"

"ಎಂತಕ್ಕೆ ಕೇಳೋದು ಮೇಡಂ, ರಜೆ ಬೇಕು, ಅದಕ್ಕೆ."

"ಈ ಐದು ತಿಂಗಳಲ್ಲಿ ಎಷ್ಟು ಸಿಕ್ ಚೀಟಿ ತಗೊಂಡಿದಾನೆ?"

ಚೀಟಿ ಪುಸ್ತಕ ತಿರುವಿದೆ. ಮೊದಲ ಎರಡು ವಾರ ಬಿಟ್ಟರೆ ಒಂದೂ ಇರಲಿಲ್ಲ. ಕುಂಟಿಕೊಂಡೇ ದಿನವೂ ಲೈಟ್ ವರ್ಕಿಗೆ ಹೋಗಿದ್ದ. ಡಾಕ್ಟರ್ ನನ್ನನ್ನು ಬೈಯಲಿಲ್ಲ. "ನಿದ್ದೆ ಮಾಡ್ತಾನಾ, ಊಟ ಮಾಡ್ತಾನಾ ಅಷ್ಟಾದ್ರೂ ಕೇಳಿ" ಎಂದು ಹೇಳಿ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಕೈಗೆ ಸಿಕ್ಕಿಬಿದ್ದಾಗ ಹಿಡಿದು ತೋರಿಸುತ್ತೇನೆ, ಆಮೇಲೆ ಇವರು ಏನನ್ನುತ್ತಾರೋ ನೋಡೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆರಕ್ಕೇ ಛತ್ರಿ ಹಿಡಿದು ಲೈನಿಗೆ ಹೋದೆ. ಸಾಲುಮನೆಗಳ ಹಿಂದೆ ಬಚ್ಚಲು, ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಸುಂದರ ಕಲ್ಲಿನ ಮೇಲೆ ಕೂತಿದ್ದ, ಬ್ಯಾಂಡೇಜು ಬಿಚ್ಚಿ ಪಕ್ಕದಲ್ಲಿ ಸುತ್ತಿಟ್ಟಿದ್ದ. ಬಟ್ಟೆ ಒಗೆಯುವ ಸೋಪನ್ನು ತೆಂಗಿನ ನಾರಿಗೆ ಹಚ್ಚಿ ಆ ಹಸಿ ಗಾಯವನ್ನು ಉಜ್ಜುತ್ತಿದ್ದ. ನೋಡುತ್ತಿದ್ದ ನನ್ನ ಹಲ್ಲು ಜುಮ್ಮೆಂದವು. ಬಿಸಿನೀರು ಹುಯ್ದುಕೊಂಡ. ಆಮೇಲೆ ಎರಡೂ ಕೈಯಿಂದ ಕಾಲನ್ನು ಎತ್ತಿ ಮುಖದ ಹತ್ತಿರ ತಂದು ಮೂಸಿದ. ಮತ್ತೆ ಸೋಪು ತೆಗೆದುಕೊಂಡ.

"ಸಿಕ್ಕಿಬಿದ್ಯಲ್ಲ" ಎಂದೆ.

ಅವನು ಓಡಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ನನ್ನನ್ನು ನೋಡಿ ಸಮಾಧಾನವೇ ಆದಂತಿತ್ತು. "ಸಿಸ್ಟರೇ, ನೀವೇ ಒಂದು ಸಲ ಮೂಸಿ ನೋಡಿ. ಸುಟ್ಟ ವಾಸನೆ ಬರ್ತದಲ್ವಾ?"

ನಾನು ಬಗ್ಗಿದೆ, ಮೂಸಿದೆ. ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ. ಹಾಗೆಂದು ಹೇಳಿದೆ.

"ನಂಗೆ ಬರ್ತದೆ. ನೀವು ಕಟ್ಟು ಕಟ್ಟಿ ಕಳ್ಸಿದ್ ಕೂಡ್ಲೇ ಒಳಗಿಂದ ಶುರುವಾಗ್ತದೆ. ಉಂಬಕ್ಕೆ ಕೂತ್ರೆ ಅನ್ನದಾಗೂ ಅದೇ. ಮಲ್ಗಿದ್ರೂ ಅದೇ. ತೊಳೆದ್ರೆ ಸ್ವಲ್ಪ ಹೊತ್ತು ಇರಲ್ಲ."

"ಯಾವತ್ತಿಂದ?"

"ಅವತ್ತಿಂದ."

ಅವತ್ತು ಎಂದರೆ ಯಾವತ್ತು ಎಂದು ಕೇಳಬೇಕಾಗಿರಲಿಲ್ಲ. ಆದರೂ ನನ್ನ ಬುದ್ಧಿ ಎಲ್ಲಿಗೆ ಹೋಗುತ್ತದೆ. "ನೀನು ನೀರು ಕುಡಿಯೋಕೆ ಹೋಗಿದ್ಯಲ್ಲ, ನಿಂಗೆಂತ ವಾಸನೆ?" ಎಂದೆ.

ಸುಂದರ ಹಂಡೆಯ ಕೆಳಗಿನ ಬೆಂಕಿ ನೋಡುತ್ತ ಹೇಳಿದ. ಅವನು ನೀರು ಕುಡಿಯಲು ಹೋಗಿರಲಿಲ್ಲ. ಹನ್ನೊಂದರೊಳಗೆ ಆ ಸಾಲು ಮುಗಿಯಬೇಕು, ಮಲಗಿಸುತ್ತ ಕೂರಬೇಡಿ, ನಡೆಸಿ ಎಂದು ರೈಟರು ಕೂಗಿ ಹೇಳಿದ್ದರು. ಇಬ್ಬರೂ ಎರಡು ಕಡೆ ಹಿಡಿದು ಏಣಿ ನಡೆಸುತ್ತಿದ್ದರು. ತುಂಡು ಮಾಡಿದ್ದ ಕಾಫಿ ಗಿಡದ ಬೊಡ್ಡೆಗೆ ಸುಂದರನ ಎಡಗಾಲು ಸಿಕ್ಕಿತು. ಮುಗ್ಗರಿಸಿದ, ಏಣಿ ಕೈಬಿಟ್ಟ. ಏಣಿ ವಾಲಿ ತಂತಿಗೆ ತಾಗಿದಾಗ ಅದನ್ನು ಹಿಡಿದಿದ್ದವನು ಅಣ್ಣಪ್ಪ ಒಬ್ಬನೇ.

"ಈ ಕಾಲೇ ಅಲ್ವಾ ಸಿಸ್ಟರೇ ಅವನ್ನ ಕೊಂದಿದ್ದು. ಇದು ಮಾಯೋದು ಬೇಡ ನಂಗೆ. ಕೊಳ್ತು ಹೋಗ್ಲಿ ಅನ್ಸ್ತದೆ. ಆದ್ರೆ ವಾಸನೆ ತಡೆಯಕ್ಕಾಗಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನೀವೂ ಅಲ್ಲೇ ಸಹಿ ಹಾಕಿದ್ರಲ್ಲ. ಹೇಳಿದ್ರೆ ಕೇಸು ನಿನ್ ಮೇಲೆ ಬರ್ತದೆ ಅಂದ್ರು ರೈಟ್ರು. ಗುಲಾಬಿ ದಿನಾ ಕೈ ಹಿಡ್ಕೊಂಡು ಬರ್ತಾಳೆ. ನಂಗೆ ಆ ಕೈ ಸುಡ್ತದೆ."

ಅಳು ಬಂದಿದ್ದರೆ ಅತ್ತುಬಿಡುತ್ತಿದ್ದೆ. ನನಗೆ ಬಂದದ್ದು ಮತ್ತೆ ಅನುಮಾನವೇ. ಇವನು ಹೇಳುವುದು ನಿಜವೇ ಎಂದು ನೋಡಲು ಡಿಸ್ಪೆನ್ಸರಿಗೆ ಬಂದು ರಿಜಿಸ್ಟರ್ ತೆಗೆದೆ. ಅವತ್ತು ನಾನೇ ಬರೆದದ್ದು ಅಲ್ಲಿತ್ತು: ಮೊಣಕಾಲ ಕೆಳಗೆ ಒಳಮಗ್ಗುಲಿನಲ್ಲಿ ಗಾಯ, ತೊಗಟೆಯ ಚೂರುಗಳನ್ನು ಇಕ್ಕಳದಿಂದ ತೆಗೆಯಲಾಗಿದೆ, ಅಂಗೈಗೆ ಮೊಣಕಾಲಿಗೆ ಪೆಟ್ಟಿಲ್ಲ. ಓಡಿ ಬಂದು ಬೀಳುವವನ ಅಂಗೈ ತರಚುತ್ತದೆ, ಮೊಣಕಾಲು ತರಚುತ್ತದೆ. ಒಳಮಗ್ಗುಲಿಗೆ ತೊಗಟೆ ಹೇಗೆ ಹೊಕ್ಕಿತು? ಗೇರುಬೀಜದ ಗುಳ್ಳೆಯನ್ನು ಬಾಗಿಲಲ್ಲೇ ಹಿಡಿದ ಸಿಐಡಿ ಸಿಸ್ಟರ್‌ಗೆ ತಾನೇ ಬರೆದ ಎರಡು ಸಾಲು ಓದಲು ಬರಲಿಲ್ಲ. ಮೆಣಸಿನ ತೋಟಕ್ಕೂ ಹೋದೆ. ತಂತಿಯ ನೇರ ಕೆಳಗಿನಿಂದ ಎರಡು ಹೆಜ್ಜೆ ಆಚೆ ಬೊಡ್ಡೆ ಇತ್ತು. ನೀರಿನ ನಲ್ಲಿ ಇದ್ದದ್ದು ಇಳಿಜಾರಿನ ಕೆಳಗೆ, ಅಲ್ಲಿಂದ ಓಡಿ ಬರುವ ದಾರಿಯೇ ಬೇರೆ.

ಆ ಬೊಡ್ಡೆಯ ಹತ್ತಿರ ನಿಂತಾಗ ನನಗೆ ಅರ್ಥವಾಯಿತು. ಮೂವತ್ತು ವರ್ಷ ನಾನು ಅನುಮಾನಿಸಿದ್ದು ಜಗಲಿಯ ಮೇಲೆ ನಿಂತವರನ್ನು ಮಾತ್ರ. ಕುರ್ಚಿಯ ಮೇಲೆ ಕೂತವರು ಹೇಳಿದ್ದನ್ನು ಒಂದು ದಿನವೂ ತಿರುಗಿಸಿ ಅಡಿ ನೋಡಿರಲಿಲ್ಲ. ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು.

ಫೋನಿಗೆ ಸಿಗ್ನಲ್ ಸಿಗುವುದು ಕಾಫಿ ಹಣ್ಣು ಸುಲಿಯುವ ಪಲ್ಪಿಂಗ್ ಯಾರ್ಡಿನ ಮೂಲೆಯಲ್ಲಿ. ಅಲ್ಲಿ ನಿಂತು ನಸೀಮಾ ಡಾಕ್ಟರಿಗೆ ಎಲ್ಲ ಹೇಳಿದೆ. "ಇಲ್ದೇ ಇರೋ ವಾಸನೆ ಮನುಷ್ಯಂಗೆ ಬರುತ್ತಾ ಮೇಡಂ, ಇದೂ ನಾಟಕ ಅಲ್ಲ ತಾನೇ?" ಎಂದೂ ಕೇಳಿದೆ. ಆಗಲೂ ಕೇಳಿದೆ ನೋಡಿ.

"ಬರುತ್ತೆ ಸಿಸ್ಟರ್" ಎಂದರು. "ಅವನ ಮೈ ಇನ್ನೂ ಆ ತೋಟದಲ್ಲೇ ನಿಂತಿದೆ. ತಟ್ಟೆ ಬಿದ್ರೆ ಹಾರ್ತಾನೆ ಅಂದ್ರಲ್ಲ, ಹಾಗೆ. ಯಾವಾಗ ಏನಾಗುತ್ತೋ ಅಂತ ಮೈ ಕಾವಲು ಕಾಯ್ತಾ ಇದ್ರೆ ರಿಪೇರಿ ಕೆಲಸ ಹಿಂದೆ ಬೀಳುತ್ತೆ. ನಿದ್ದೆ ಇಲ್ಲ, ಊಟ ಇಲ್ಲ, ಮೇಲಿಂದ ಸೋಪು ಹಾಕಿ ಉಜ್ತಾನೆ. ಗಾಯ ಹೇಗೆ ಮಾಯುತ್ತೆ? ಔಷಧಿ ನಾನು ಕೊಡ್ತೀನಿ. ಆದ್ರೆ ಆ ಸುಳ್ಳು ಅಲ್ಲೇ ಇರೋವರೆಗೂ ಅವನಿಗೆ ನಿದ್ದೆ ಕಷ್ಟ."

ಸುಳ್ಳು ನನ್ನ ರಿಜಿಸ್ಟರಿನಲ್ಲಿತ್ತು. ಅವತ್ತು ಮಧ್ಯಾಹ್ನ ಎರಡು ಹಾಳೆ ಬರೆದೆ. ಒಂದರಲ್ಲಿ ಸುಂದರನ ಮೇಲಿನ ನನ್ನ ವರದಿ ವಾಪಸು. ಇನ್ನೊಂದರಲ್ಲಿ, ಅವತ್ತು ನಾನು ಬರೆದದ್ದರಲ್ಲಿ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು, ಮೂಸದೆಯೇ ಬರೆದದ್ದು ಯಾವುದು ಎಂದು ಬಿಡಿಸಿ ಬರೆದೆ. ಸುಂದರನೂ ತಾನು ಕಂಡದ್ದನ್ನು ಹೇಳಿ ಬರೆಸಿ ಸಹಿ ಹಾಕಿದ. ರಿಜಿಸ್ಟರಿನಲ್ಲಿ ಹಳೆಯ ಸಾಲನ್ನು ಅಳಿಸಲಿಲ್ಲ, ಅದರ ಕೆಳಗೆ ಇದನ್ನು ಸೇರಿಸಿದೆ.

ಮ್ಯಾನೇಜರು ಎರಡೂ ಹಾಳೆ ಓದಿ ಕನ್ನಡಕ ತೆಗೆದರು. "ಸಿಸ್ಟರ್, ಮುಗಿದುಹೋದ ವಿಷಯ ಯಾಕೆ ಕೆದಕ್ತೀರಿ? ನಿಮಗೆ ರಿಟೈರ್ಮೆಂಟಿಗೆ ಎರಡು ವರ್ಷ ಇಲ್ಲ."

"ಮುಗಿದಿಲ್ಲ ಸರ್. ದಿನ ಬಿಟ್ಟು ದಿನ ನಾನೇ ಕಟ್ತಾ ಇದೀನಿ."

"ಈ ಪೇಪರ್ ನನ್ನ ಹತ್ರ ಇರ್ಲಿ. ಯೋಚನೆ ಮಾಡೋಣ."

"ಇಟ್ಕೊಳ್ಳಿ ಸರ್. ಲೇಬರ್ ಆಫೀಸಿಗೂ ಸ್ಟೇಷನ್ನಿಗೂ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದಿದೀನಿ."

ಅವರನ್ನು ನಂಬದೆ ಮೊದಲೇ ಬಾಳೂರಿಗೆ ಹೋಗಿ ಪೋಸ್ಟ್ ಮಾಡಿದ್ದೆ. ನನ್ನ ಗುಣದಿಂದ ಒಂದು ಉಪಕಾರವೂ ಆಗಬೇಕಲ್ಲ. ವಿಚಾರಣೆ ನಡೆಯಿತು. ದೊಡ್ಡ ಶಿಕ್ಷೆ ಯಾರಿಗೂ ಆಗಲಿಲ್ಲ. ರೈಟರನ್ನು ಬೇರೆ ಎಸ್ಟೇಟಿಗೆ ಕಳಿಸಿದರು, ಮ್ಯಾನೇಜರು ಅಲ್ಲೇ ಇದ್ದರು, ನನ್ನ ಜೊತೆ ಮಾತು ಬಿಟ್ಟರು. ತಂತಿ ಹೋಗುವ ಕಡೆ ಬಿದಿರಿನ ಏಣಿ ಬಂತು. ಸುಂದರನ ಮನೆ ಉಳಿಯಿತು.

ವಿಚಾರಣೆಗೂ ಮೊದಲು ಗುಲಾಬಿಗೆ ಹೇಳುವುದಿತ್ತು. ಕಾಗದಕ್ಕಿಂತ ಮೊದಲು ತನ್ನ ಬಾಯಿಂದ ಅವಳಿಗೆ ಗೊತ್ತಾಗಬೇಕು, ನೀವೂ ಬನ್ನಿ ಎಂದ ಸುಂದರ. ಆ ಭಾನುವಾರವೇ ಹೋದೆವು. ಅವಳು ಬಾಗಿಲಲ್ಲಿ ಕೂತು ಕೆಸುವಿನ ಸೊಪ್ಪಿನ ನಾರು ಬಿಡಿಸುತ್ತಿದ್ದಳು. ಸುಂದರ ನಿಂತುಕೊಂಡೇ ಎಲ್ಲ ಹೇಳಿದ. ಅವಳು ಕತ್ತೆತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ಹೊಡೆಯುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದುಕೊಂಡೆ. ಅವನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದಳು.

"ಅವ್ರು ಕುಡ್ದಿರ್ಲಿಲ್ವಾ?"

"ಇಲ್ಲ ಗುಲಾಬಿ. ಬೆಳಿಗ್ಗೆ ನಿನ್ ಮನೆ ಚಾ ಕುಡ್ದು ಬಂದಿದ್ದ, ಅಷ್ಟೆ."

ಆಗ ನನ್ನ ಕಡೆ ತಿರುಗಿದಳು. "ಮತ್ತೆ ನೀವು ಯಾಕೆ ಬರ್ದ್ರಿ?"

ಮ್ಯಾನೇಜರು ಹೇಳಿದರು ಎನ್ನಬಹುದಿತ್ತು. ಅದು ಪೂರ್ತಿ ನಿಜವಲ್ಲ. "ಇರಬಹುದು ಅನ್ಸ್ತು, ಬರ್ದೆ. ತಪ್ಪಾಯ್ತು" ಎಂದೆ. ಅವಳು ಸೊಪ್ಪನ್ನು ಮಡಿಲಿಗೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಮೇಲೆ ಸುಂದರನ ತೋಳು ಹಿಡಿದು ಕರೆತರಲು ಅವಳು ಬರಲಿಲ್ಲ. ಅವನೇ ಕೋಲೂರಿಕೊಂಡು ಬರುತ್ತಿದ್ದ.

ಗಾಯ ಮಾಯಲು ಮತ್ತೆ ಎರಡು ತಿಂಗಳ ಮೇಲಾಯಿತು. ಡಾಕ್ಟರ್ ಮಾತ್ರೆ ಕೊಟ್ಟರು. ತಿಂಗಳಿಗೆ ಎರಡು ಸಲ ಚಿಕ್ಕಮಗಳೂರಿಗೆ ಹೋಗಿ ಮನಸ್ಸಿನ ಇಂಥ ತೊಂದರೆಗಳನ್ನೇ ನೋಡುವವರ ಹತ್ತಿರ ಕೂತು ಮಾತಾಡಿ ಬರುತ್ತಿದ್ದ. ನಾನು ಗೆರೆ ಎಳೆಯುವುದನ್ನು ಬಿಟ್ಟಿದ್ದೆ. ಒಂದು ದಿನ ಅವನೇ, "ಗೆರೆ ಎಳೀರಿ ಸಿಸ್ಟರೇ. ಬಿಚ್ಬೇಕು ಅನ್ಸಿದಾಗ ಅದನ್ನ ನೋಡಿದ್ರೆ ಕೈ ನಿಲ್ತದೆ" ಎಂದ. ಎಳೆದೆ. ಮೊದಮೊದಲು ತುದಿಗಳು ಕೂಡುತ್ತಿರಲಿಲ್ಲ, ನಾನೂ ಏನೂ ಕೇಳುತ್ತಿರಲಿಲ್ಲ. ಆಮೇಲೆ ಕೂಡತೊಡಗಿದವು. ಗಾಯ ಕೆಂಪಾಯಿತು, ಅಂಚಿನಿಂದ ಒಳಕ್ಕೆ ಚರ್ಮ ಬಂತು. ಮಾತಾಡಿದ್ದಕ್ಕೆ ವಾಸಿಯಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಾತ್ರೆ, ಊಟ, ನಿದ್ದೆ, ನನ್ನ ಡ್ರೆಸ್ಸಿಂಗ್, ಎಲ್ಲವೂ ಇತ್ತು. ಆದರೆ ಅದೇ ಡ್ರೆಸ್ಸಿಂಗನ್ನು ಐದು ತಿಂಗಳು ನಾನೇ ಮಾಡಿದ್ದೆ, ಮಾಯಲಿಲ್ಲ ಎನ್ನುವುದೂ ನಿಜ. ತಟ್ಟೆ ಬಿದ್ದರೆ ಸುಂದರ ಈಗಲೂ ಬೆಚ್ಚುತ್ತಾನಂತೆ.

ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಅನುಮಾನ ಬೇಡ ಎಂದು ನಾನು ಹೇಳುವುದಿಲ್ಲ. ಸುಳ್ಳು ಹೇಳುವವರು ಇದ್ದೇ ಇರುತ್ತಾರೆ. ಮಾಯದ ಗಾಯ ಕಂಡರೆ ಶುಗರ್ ನೋಡಿ, ರಕ್ತನಾಳ ನೋಡಿ, ಕಟ್ಟು ಬಿಚ್ಚುತ್ತಾರೋ ಏನೋ ಅದನ್ನೂ ನೋಡಿ. ಆಮೇಲೆ ಬೆಂಚು ಎಳೆದುಕೊಂಡು ಕೂತು, ಆ ದಿನ ಏನಾಯಿತು ಎಂದು ಕೇಳಿ. ಕೇಳುವಾಗ ಕೋಣೆಯಲ್ಲಿ ಮ್ಯಾನೇಜರು ಇರಬಾರದು.

ಗುಲಾಬಿ ಡಿಸ್ಪೆನ್ಸರಿಗೆ ಬಂದದ್ದು ಸುಂದರನ ಕಟ್ಟು ಪೂರ್ತಿ ತೆಗೆದ ಮೇಲೆ. ಬೆಳಿಗ್ಗೆ ಚೀಟಿ ಬರೆಯುವ ಹೊತ್ತು, ಜಗಲಿಯಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಅವಳು ನೇರ ಒಳಗೆ ಬಂದು ಮೇಜಿನ ಮುಂದೆ ನಿಂತಳು. "ಈಗೆಂತ ಬರ್ದಿದೀರಿ, ಓದಿ" ಎಂದಳು. ಅವಳಿಗೆ ಓದಲು ಬರುತ್ತಿರಲಿಲ್ಲ.

ರಿಜಿಸ್ಟರ್ ತೆಗೆದು ಓದಿದೆ. ಮೃತರಾದ ಅಣ್ಣಪ್ಪನವರ ಬಾಯಲ್ಲಿ ಮದ್ಯದ ವಾಸನೆ ಇತ್ತೆಂದು ನಾನು ಪರೀಕ್ಷಿಸದೆ ಬರೆದಿದ್ದೇನೆ, ಅದು ತಪ್ಪು. ಅವರು ಕುಡಿದಿರಲಿಲ್ಲವೆಂದು ಜೊತೆಯಲ್ಲಿದ್ದ ಸುಂದರ ತಿಳಿಸಿದ್ದಾರೆ. ಏಣಿಯನ್ನು ಅವರು ಒಬ್ಬರೇ ಒಯ್ಯಲಿಲ್ಲ. ಇಬ್ಬರೂ ಸೇರಿ, ರೈಟರು ಹೇಳಿದಂತೆ ಒಯ್ಯುತ್ತಿದ್ದರು.

"ಇನ್ನೊಂದ್ಸಲ ಓದಿ."

ಓದಿದೆ. ಮೂರನೆಯ ಸಲವೂ ಓದಿಸಿದಳು. ಅಣ್ಣಪ್ಪ ಎಂದು ಎಲ್ಲಿ ಬರೆದಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ನಿಂತಳು.

"ಕುಡ್ದು ಸತ್ತ ಅಂತ ನಂಗೆ ಅವ್ರ ಮೇಲೆ ಸಿಟ್ಟಿತ್ತು ಸಿಸ್ಟರೇ. ಹೆಣದ ಮುಂದೆ ಕೂತಾಗ್ಲೂ ಸಿಟ್ಟು. ಇದನ್ನ ಮೊದಲೇ ಬರ್ದಿದ್ರೆ ನಾನು ಅವತ್ತೇ ಅಳ್ತಿದ್ದೆ."

ಹಾಗೆಂದು ಬೆಂಚಿನ ಮೇಲೆ ಕೂತು ಅಳತೊಡಗಿದಳು. ದನಿ ಜಗಲಿಗೂ ಕೇಳುತ್ತಿತ್ತು. ನಾನು ಪೆನ್ನು ಕೆಳಗಿಟ್ಟೆ. ಆಫೀಸಿನ ಕಡೆಯಿಂದ ಹಾಜರಿಗೆ ಎರಡು ಸಲ ಗಂಟೆ ಹೊಡೆದರು, ಚೀಟಿಗೆ ನಿಂತವರಲ್ಲಿ ಯಾರೂ ಕದಲಲಿಲ್ಲ.